ಪ್ರಮಾಣಪತ್ರದ ಹಕ್ಕಿ, ತಂತಿಯ ಹಕ್ಕಿ

ಜೂನ್ ಬಂತೆಂದರೆ ನಾಡಕಚೇರಿಯ ಮುಂದೆ ಪಾಳಿ ಹಚ್ಚುವುದು ನಮ್ಮ ಕಡೆಯ ಪಾಲಕರಿಗೆ ಹೊಸದಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಇಲ್ಲದೆ ಶಿಷ್ಯವೇತನ ಇಲ್ಲ, ಹಾಸ್ಟೆಲಿನಲ್ಲಿ ಜಾಗ ಇಲ್ಲ. ಕಾಗದ ಕೈಗೆ ಬಂದ ಕೂಡಲೆ ಹುಡುಗನ ಹೆಸರು ಸರಿ ಇದೆಯೇ, ಅಡ್ಡಹೆಸರಿನಲ್ಲಿ ಅಕ್ಷರ ತಪ್ಪಿದೆಯೇ, ಆದಾಯದ ಮೊತ್ತದಲ್ಲಿ ಒಂದು ಸೊನ್ನೆ ಹೆಚ್ಚಾಗಿದೆಯೇ ಎಂದು ಎರಡೆರಡು ಸಲ ನೋಡುತ್ತೇವೆ. ಎಲ್ಲಕ್ಕಿಂತ ಮೇಲೆ ಅಚ್ಚಾದ ಚಿತ್ರವನ್ನು ಮಾತ್ರ ಯಾರೂ ನೋಡುವುದಿಲ್ಲ. ಅದು ಪಠ್ಯಪುಸ್ತಕದಲ್ಲಿದೆ, ಸರಕಾರಿ ಪತ್ರಗಳಲ್ಲಿದೆ, ತಹಶೀಲ್ದಾರ ಕಚೇರಿಯ ಫಲಕದ ಮೇಲಿದೆ. ದಿನಾ ಕಣ್ಣಿಗೆ ಬೀಳುವುದನ್ನು ನಾವು ಕಾಣುವುದು ಕಡಿಮೆ. ಆದ್ದರಿಂದ ಈ ವಾರ ಆ ಚಿತ್ರದಿಂದಲೇ ಹೊರಡೋಣ.

ನಡುವೆ ನೀಲಿ ಅಂಚಿನ ಕೆಂಪು ಗುರಾಣಿ. ಅದರ ಮೇಲೆ ಬಿಳಿ ಬಣ್ಣದ, ಒಂದು ಮೈ ಎರಡು ತಲೆಯ ಹಕ್ಕಿ. ಅದೇ ಗಂಡಭೇರುಂಡ. ಗುರಾಣಿಯ ಎಡಬಲಕ್ಕೆ ಎರಡು ಪ್ರಾಣಿಗಳು ಕಾವಲು ನಿಂತಿವೆ. ಮೈ ಸಿಂಹದ್ದು, ಮುಖ ಆನೆಯದು. ಇವನ್ನು ಕೆಲವರು ಗಜಕೇಸರಿ ಎನ್ನುತ್ತಾರೆ, ಕೆಲವರು ಶರಭ ಎನ್ನುತ್ತಾರೆ. ಗುರಾಣಿಯ ಮೇಲುಗಡೆ ಸಾರನಾಥದ ಅಶೋಕಸ್ತಂಭದ ಸಿಂಹಗಳು. ಸಿಂಹ ಇರುವುದು ನಾಲ್ಕು, ಚಿತ್ರದಲ್ಲಿ ಕಾಣುವುದು ಮೂರು. ನಾಲ್ಕನೆಯದು ನಮಗೆ ಬೆನ್ನು ಮಾಡಿ ನಿಂತಿದೆ. ಎಲ್ಲಕ್ಕೂ ಕೆಳಗೆ ದೇವನಾಗರಿಯಲ್ಲಿ ಸತ್ಯಮೇವ ಜಯತೇ.

ಈ ಹಕ್ಕಿ ಮೈಸೂರು ಒಡೆಯರ ರಾಜಲಾಂಛನದಿಂದ ಬಂದದ್ದು. 1956ರ ನವೆಂಬರ್ 1ರವರೆಗೆ ನಮ್ಮ ಧಾರವಾಡ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ಹಾಗಾಗಿ ನಮ್ಮ ಭಾಗದ ಹಿರಿಯರಲ್ಲಿ ಹಲವರಿಗೆ ಇದು ‘ಮೈಸೂರವರ ಹಕ್ಕಿ’ ಆಗಿತ್ತು. ಈಗಲೂ ಕಟ್ಟೆಯ ಮೇಲೆ ಕುಳಿತು ಹಾಗೆ ಅನ್ನುವವರು ಒಬ್ಬಿಬ್ಬರು ಸಿಗುತ್ತಾರೆ. ಅವರಿಗೆ ನಾನು ಬಳ್ಳಿಗಾವಿಯ ಮಾತು ಹೇಳುತ್ತೇನೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಆ ಊರಿನಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡ ಸ್ತಂಭ ಇಂದಿಗೂ ಇದೆ. ಅಲ್ಲಿಯ ಭೇರುಂಡನಿಗೆ ಮನುಷ್ಯನ ದೇಹ, ಹಕ್ಕಿಯ ಎರಡು ತಲೆ. ಆಗ ಆ ನಾಡು ಕಲ್ಯಾಣದ ಚಾಲುಕ್ಯರದು. ನಮ್ಮ ಅಣ್ಣಿಗೇರಿಯೂ ಅವರದೇ. ಆ ವಂಶದ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರನಿಗೆ ಅದು ರಾಜಧಾನಿಯೂ ಆಗಿತ್ತು. ಚಾಲುಕ್ಯರ ಸ್ವಂತ ಲಾಂಛನ ವರಾಹ, ಅಂದರೆ ಹಂದಿ. ನಾಣ್ಯಕ್ಕೆ ವರಾಹ ಎಂಬ ಹೆಸರು ಬಂದದ್ದೂ ಆ ಗುರುತಿನಿಂದಲೇ. ಮುಂದೆ ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೆ ಗಂಡಭೇರುಂಡ ಕೊಕ್ಕಿನಲ್ಲೂ ಕಾಲುಗುರಿನಲ್ಲೂ ಆನೆಗಳನ್ನು ಹಿಡಿದು ಹಾರುತ್ತದೆ. ಅಲ್ಲಿಂದ ಮೈಸೂರಿಗೆ ಹೋಗಿ, ಮತ್ತೆ ನಮ್ಮ ನಾಡಕಚೇರಿಗೆ ಬಂದಿದೆ. ಹೊರಗಿನ ಹಕ್ಕಿಯೇನಲ್ಲ.

ವಿಜ್ಞಾನ ಕಲಿಸುವವನಿಗೆ ಹುಡುಗರು ಕೇಳುವ ಪ್ರಶ್ನೆಯೇ ಬೇರೆ. “ಸರ, ಎರಡು ತಲಿ ಹಕ್ಕಿ ಖರೇನ ಇತ್ತೇನ್ರೀ?” ಇಲ್ಲ, ಅಂಥ ಜಾತಿಯ ಹಕ್ಕಿ ಎಂದೂ ಇರಲಿಲ್ಲ. ಆದರೆ ಎರಡು ತಲೆಯ ಕರು, ಎರಡು ತಲೆಯ ಹಾವು, ಎರಡು ತಲೆಯ ಆಮೆ ಅಪರೂಪಕ್ಕೆ ಹುಟ್ಟುವುದು ನಿಜ. ಒಂದೇ ಭ್ರೂಣ ಎರಡಾಗಿ ಸೀಳಿದರೆ ಅವಳಿಗಳಾಗುತ್ತವೆ. ಆ ಸೀಳುವಿಕೆ ಅರ್ಧಕ್ಕೆ ನಿಂತರೆ ಒಂದು ಮೈ, ಎರಡು ತಲೆ. ಅಂಥ ಪ್ರಾಣಿಗಳು ಹೆಚ್ಚು ದಿನ ಬದುಕುವುದಿಲ್ಲ. ಸಾಕಿದ ಎರಡು ತಲೆಯ ಹಾವುಗಳಲ್ಲಿ ಒಂದೇ ಇಲಿಗಾಗಿ ಎರಡೂ ಬಾಯಿ ಜಗಳಾಡಿದ್ದನ್ನು ನೋಡಿದ್ದಾರೆ. ಹೊಟ್ಟೆ ಒಂದೇ ಎಂಬುದು ತಲೆಗಳಿಗೆ ಗೊತ್ತಿಲ್ಲ. ಪಂಚತಂತ್ರದಲ್ಲಿ ಇದೇ ಕತೆ ಇದೆ. ಭಾರುಂಡ ಪಕ್ಷಿಯ ಒಂದು ತಲೆ ಇನ್ನೊಂದರ ಮೇಲಿನ ಸಿಟ್ಟಿಗೆ ವಿಷದ ಹಣ್ಣು ತಿಂದು ಎರಡೂ ಸಾಯುತ್ತವೆ. ಕತೆ ಕಟ್ಟಿದವನು ಎಂದಾದರೂ ಅಂಥ ಕರುವನ್ನೋ ಹಾವನ್ನೋ ನೋಡಿದ್ದಿರಬೇಕೆಂದು ನನ್ನ ಊಹೆ.

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಶಾಲೆಯ ಪ್ರವಾಸ ಹೋದವರು ಗೋಡೆಯ ಮೇಲೆ ಒಂದು ಸಾಲು ಶಿಲ್ಪ ಹುಡುಕಿ ನೋಡಿ. ಜಿಂಕೆಯನ್ನು ಹೆಬ್ಬಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿವೆ. ಒಂಬತ್ತನೆಯ ತರಗತಿಯಲ್ಲಿ ಆಹಾರ ಸರಪಳಿ ಪಾಠ ಮಾಡುವಾಗ ನಾನು ಇದನ್ನು ಬೋರ್ಡಿನ ಮೇಲೆ ಬರೆಯುವುದುಂಟು. ಹುಡುಗರು ಕೂಡಲೆ ಲೋಪ ಹಿಡಿಯುತ್ತಾರೆ: “ಸರ, ಇದರಾಗ ಹುಲ್ಲ ಇಲ್ಲರಿ.” ಶಿಲ್ಪಿಗೆ ಶೌರ್ಯ ಬೇಕಿತ್ತು, ಹುಲ್ಲು ಬೇಕಿರಲಿಲ್ಲ. ಎರಡು ತಲೆಯ ಗಿಡುಗ ನಮ್ಮದೊಂದೇ ಆಸ್ತಿಯೂ ಅಲ್ಲ. ಅಲ್ಬೇನಿಯಾ ದೇಶದ ಬಾವುಟದ ಮೇಲಿದೆ, ರಶಿಯಾದ ಲಾಂಛನದಲ್ಲಿದೆ. ಬಲಿಷ್ಠನಿಗೆ ಎರಡೂ ದಿಕ್ಕಿಗೆ ಕಣ್ಣು ಇರಬೇಕೆಂದು ಬಹಳ ಕಡೆ ಅನಿಸಿದೆ.

ಲಾಂಛನದ ಜೊತೆಗೆ ರಾಜ್ಯಕ್ಕೆ ಬೇರೆ ಗುರುತುಗಳೂ ಇವೆ. ಪ್ರಾಣಿ ಆನೆ, ಪಕ್ಷಿ ನೀಲಕಂಠ, ಮರ ಶ್ರೀಗಂಧ, ಹೂವು ಕಮಲ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯಿಂದ ಹಿಡಿದು ಕೆ.ಎ.ಎಸ್.ವರೆಗೆ ಎಲ್ಲ ಗೈಡುಗಳಲ್ಲಿ ಈ ನಾಲ್ಕು ಸಾಲು ಇದ್ದೇ ಇರುತ್ತವೆ. ನಾಡಗೀತೆಯಾಗಿ ಕುವೆಂಪು ಅವರ ಗೀತೆಯನ್ನು 2004ರಲ್ಲಿ ಘೋಷಿಸಿದರು. ಅದನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ವಾದ ಬಹಳ ವರ್ಷ ನಡೆದು, 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಸರಕಾರ ಗೊತ್ತುಮಾಡಿತು. ನಮ್ಮ ಕಡೆ ಅದಕ್ಕೂ ಮೊದಲಿನ ನೆನಪೊಂದಿದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಹುಯಿಲಗೋಳ ನಾರಾಯಣರಾಯರ ಗೀತೆ ಏಕೀಕರಣ ಆಗುವವರೆಗೂ ಈ ಸೀಮೆಯ ನಾಡಗೀತೆಯಂತೆಯೇ ಇತ್ತು. ಯಾವ ಆದೇಶವೂ ಅದಕ್ಕೆ ಬೇಕಾಗಲಿಲ್ಲ.

‘ಅಧಿಕೃತ’ ಎಂಬ ಮಾತಿನಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಜಾಗ ಇದೆ. ರಾಜ್ಯದ ಬಾವುಟ ಯಾವುದು ಎಂದರೆ ಹಳದಿ-ಕೆಂಪು ಎಂದು ಬರೆಯುತ್ತಾರೆ. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಆ ಬಾವುಟ ಕನ್ನಡಿಗರ ಪ್ರೀತಿಯ ಬಾವುಟ, ನವೆಂಬರ್ ತಿಂಗಳಲ್ಲಿ ಆಟೋದ ಮೇಲೂ ಟ್ರ್ಯಾಕ್ಟರಿನ ಮೇಲೂ ಹಾರುತ್ತದೆ. ಆದರೆ ಕಾನೂನಿನ ಪ್ರಕಾರ ರಾಜ್ಯಕ್ಕೆ ಬಾವುಟ ಇಲ್ಲ. 2018ರ ಮಾರ್ಚಿನಲ್ಲಿ ರಾಜ್ಯ ಸರಕಾರ ಹಳದಿ, ಬಿಳಿ, ಕೆಂಪು ಪಟ್ಟಿಗಳ, ನಡುವೆ ಲಾಂಛನವಿರುವ ಧ್ವಜವೊಂದನ್ನು ತೋರಿಸಿ ಕೇಂದ್ರಕ್ಕೆ ಕಳಿಸಿತು, ಒಪ್ಪಿಗೆ ಬಂದಿಲ್ಲ. ಅಧಿಕೃತ ಬಾವುಟ ಎಂದರೇನೆಂದು ನೋಡಬೇಕಾದರೆ ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ಬಟ್ಟೆ ದಶಕಗಳಿಂದ ನೇಯುತ್ತ ಬಂದಿದ್ದಾರೆ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ 2006ರಲ್ಲಿ ಧ್ವಜ ತಯಾರಿಕೆಗೆ ಭಾರತೀಯ ಮಾನಕ ಬ್ಯೂರೋದ ಮುದ್ರೆ ಸಿಕ್ಕಿತು. ಈ ದೇಶದ ಮಾನಕಗಳ ಪಟ್ಟಿಯಲ್ಲಿ ಮೊದಲ ಸಂಖ್ಯೆಯದು ಯಾವುದರ ಬಗ್ಗೆ ಗೊತ್ತೇ? ಸಿಮೆಂಟಲ್ಲ, ಕಬ್ಬಿಣವಲ್ಲ, ರಾಷ್ಟ್ರಧ್ವಜ. ನೂಲಿನ ಬಿಗಿ, ಬಣ್ಣದ ಗಟ್ಟಿತನ, ಉದ್ದಗಲದ ಅನುಪಾತ, ಚಕ್ರದ 24 ಕಡ್ಡಿ, ಎಲ್ಲಕ್ಕೂ ಅಳತೆ ಉಂಟು. 2021ರ ಕೊನೆಯಲ್ಲಿ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟ ಮೇಲೆ ಖಾದಿ ನೂಲುವ, ನೇಯುವ, ಹೊಲಿಯುವ ಹೆಣ್ಣುಮಕ್ಕಳ ಕೂಲಿಗೆ ಪೆಟ್ಟು ಬಿತ್ತು. ಅದೇ ಬೇರೆ ಲೇಖನದ ವಿಷಯ.

ಬಾವುಟಕ್ಕೆ ಅಳತೆ ಕೊಡಬಹುದು. ಜೀವಂತ ಗುರುತುಗಳದು ಹಾಗಲ್ಲ, ಅವು ತಮ್ಮ ಪಾಡಿಗೆ ತಿನ್ನುತ್ತವೆ, ಓಡಾಡುತ್ತವೆ, ಸಾಯುತ್ತವೆ. ಆನೆಯನ್ನೇ ನೋಡಿ. ದೇಶದಲ್ಲಿ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. 2023ರ ಅಂದಾಜಿನಲ್ಲಿ 6,395. ಲದ್ದಿಯ ಡಿಎನ್ಎ ಆಧರಿಸಿ ಮಾಡಿ 2025ರಲ್ಲಿ ಪ್ರಕಟಿಸಿದ ಎಣಿಕೆಯಲ್ಲೂ ನಮ್ಮದೇ ಮೊದಲ ಸ್ಥಾನ. ನವಲಗುಂದದ ಹುಡುಗನಿಗೆ ಇದು ಹೆಮ್ಮೆಯ ಸಂಗತಿ. ಕಲಘಟಗಿಯ ಕಾಡಂಚಿನ ಹುಡುಗನಿಗೆ ಬೇರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಅಡವಿಯಿಂದ ಆನೆಗಳು ಭತ್ತ, ಕಬ್ಬು ಬಲಿಯುವ ಹೊತ್ತಿಗೆ ಇತ್ತ ಇಳಿಯುತ್ತವೆ. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ತಿನ್ನುವುದಕ್ಕಿಂತ ತುಳಿಯುವುದೇ ಜಾಸ್ತಿ. ರಾತ್ರಿಯೆಲ್ಲ ಬೆಂಕಿ ಹಾಕಿ, ಪಟಾಕಿ ಹಾರಿಸಿ ಹೊಲ ಕಾದ ಅಪ್ಪನ ಮಗನಿಗೆ ಬೆಳಗ್ಗೆ “ನಮ್ಮ ರಾಜ್ಯಪ್ರಾಣಿ ಯಾವುದು?” ಎಂದು ಕೇಳಿದರೆ ಅವನ ಉತ್ತರದಲ್ಲಿ ಹೆಮ್ಮೆಯ ಜೊತೆ ಇನ್ನೇನೋ ಇರುತ್ತದೆ. ಪರಿಹಾರದ ಅರ್ಜಿ ಬೇಗ ಮುಗಿದರೆ ಆನೆಯ ಮೇಲಿನ ಪ್ರೀತಿಯೂ ಉಳಿದೀತು.

ಶ್ರೀಗಂಧದ ಗುಟ್ಟು ನೆಲದೊಳಗೆ. ಮೇಲೆ ನೋಡಿದರೆ ಹಸಿರು ಎಲೆಯ ಸಭ್ಯ ಗಿಡ. ಕೆಳಗೆ ಅದರ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ನೀರು, ಲವಣ ಹೀರುತ್ತದೆ. ಅಡಿಗೆ ತಾನೇ ಮಾಡಿಕೊಳ್ಳುತ್ತದೆ, ನೀರು ಮಾತ್ರ ನೆರೆಮನೆಯದು. ಇದಕ್ಕೆ ಅರೆಪರಾವಲಂಬಿ ಎಂದು ಹೆಸರು. ಆದ್ದರಿಂದ ಗಂಧದ ಸಸಿಯನ್ನು ಒಂಟಿಯಾಗಿ ನೆಟ್ಟು ಕಾಯುತ್ತ ಕುಳಿತರೆ ಪ್ರಯೋಜನವಿಲ್ಲ. ಬುಡದಲ್ಲಿ ಮೊದಲಿಗೆ ತೊಗರಿಯಂಥ ಜೊತೆಗಾರ ಬೇಕು. ಒಂದು ಕಾಲದಲ್ಲಿ ಸ್ವಂತ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರಕಾರದ್ದೇ ಆಗಿತ್ತು. ಕಳುವಾದರೆ ಕೇಸು ಮೈಮೇಲೆ ಬಂದೀತೆಂದು ರೈತರು ಸಸಿ ಇರುವಾಗಲೇ ಕಿತ್ತು ಒಗೆಯುತ್ತಿದ್ದರು. 2001ರಲ್ಲಿ ಕಾಯಿದೆ ತಿದ್ದಿ ಹೊಲದ ಮಾಲೀಕನೇ ಮರದ ಮಾಲೀಕ ಎಂದ ಮೇಲೆ ಜನ ತಾವಾಗಿಯೇ ನೆಡತೊಡಗಿದರು. ಕಾಡಿನ ಗಂಧ ಮಾತ್ರ ಅಪಾಯದ ಪಟ್ಟಿಯಲ್ಲೇ ಇದೆ.

ಕಮಲ ರಾಷ್ಟ್ರಪುಷ್ಪವೂ ಹೌದು, ಬೇರೆ ರಾಜ್ಯಗಳಿಗೂ ಅದೇ ಬೇಕು. ನಮ್ಮದು ಎಂದು ವಿಶೇಷವಾಗಿ ಹೇಳಿಕೊಳ್ಳಲು ಏನೂ ಇಲ್ಲ. ಅದರ ಎಲೆಯ ಮೇಲೆ ನೀರು ಏಕೆ ನಿಲ್ಲುವುದಿಲ್ಲ ಎಂಬುದೇ ನನಗೆ ಹೂವಿಗಿಂತ ಚೆಲುವಾಗಿ ಕಾಣುತ್ತದೆ. ಎಲೆಯ ಮೈಮೇಲೆ ಮೇಣ ಹಚ್ಚಿದ ಅತಿ ಸಣ್ಣ ಗುಬುಟುಗಳಿವೆ, ಹನಿ ಅವುಗಳ ತುದಿಯ ಮೇಲೆಯೇ ಕುಳಿತು ಉರುಳುತ್ತದೆ, ಉರುಳುವಾಗ ಧೂಳನ್ನೂ ಒಯ್ಯುತ್ತದೆ. ಕೆರೆ ಹತ್ತಿರ ಇಲ್ಲದವರು ಕೆಸುವಿನ ಎಲೆಯ ಮೇಲೆ ಇದೇ ಪ್ರಯೋಗ ಮಾಡಬಹುದು. ಈಚೆಗೆ ರಾಜ್ಯಕ್ಕೊಂದು ಚಿಟ್ಟೆಯೂ ಸೇರಿದೆ, ಹಳದಿ-ಕಪ್ಪು ಬಣ್ಣದ ಸಹ್ಯಾದ್ರಿ ಬರ್ಡ್‌ವಿಂಗ್. 1932ರಲ್ಲಿ ಅಳೆದ 190 ಮಿಲಿಮೀಟರ್ ರೆಕ್ಕೆಹರವಿನಿಂದ ಅದು ದೇಶದ ಅತಿ ದೊಡ್ಡ ಚಿಟ್ಟೆ ಎನಿಸಿಕೊಂಡಿತ್ತು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ 194 ಮಿಲಿಮೀಟರ್ ತೋರಿಸಿ ಪಟ್ಟ ಕಸಿದುಕೊಂಡಿತು. ಹಳೆಯ ಗೈಡುಗಳಲ್ಲಿ ಇನ್ನೂ ಹಿಂದಿನ ಉತ್ತರವೇ ಇದ್ದರೆ ತಿದ್ದಿಕೊಳ್ಳಿ. ಈ ಚಿಟ್ಟೆಯನ್ನು ನೋಡಲು ಎರೆಸೀಮೆಯವರು ಪಶ್ಚಿಮಘಟ್ಟಕ್ಕೇ ಹೋಗಬೇಕು.

ನೋಡಲು ಸಿಗದ ಗುರುತಿನಿಂದ ಏನು ಉಪಯೋಗ? ಈ ಪ್ರಶ್ನೆಯನ್ನು ಕೆನಡಾದ ಪುಟ್ಟ ಪ್ರಾಂತವೊಂದು ಗಂಭೀರವಾಗಿ ತೆಗೆದುಕೊಂಡಿತು. ಪ್ರಿನ್ಸ್ ಎಡ್ವರ್ಡ್ ಐಲೆಂಡ್ ಎಂಬ ಆ ದ್ವೀಪ 1947ರಲ್ಲಿ ಲೇಡೀಸ್ ಸ್ಲಿಪರ್ ಎಂಬ ಕಾಡು ಆರ್ಕಿಡ್ ಹೂವನ್ನು ತನ್ನ ಗುರುತಾಗಿ ಆರಿಸಿತು. ಆರಿಸಿದ ಜಾತಿ ಅಲ್ಲಿ ತೀರ ವಿರಳವಾಗಿತ್ತು. 1965ರಲ್ಲಿ ಅದೇ ಕುಲದ, ಆದರೆ ಕಾಡಿನಲ್ಲಿ ಸುಲಭವಾಗಿ ಕಾಣುವ ಇನ್ನೊಂದು ಜಾತಿಯನ್ನು ಅದರ ಜಾಗಕ್ಕೆ ತಂದರು. ಆ ಪ್ರಾಂತಕ್ಕೆ ಅಧಿಕೃತ ಮಣ್ಣು ಕೂಡ ಇದೆ! ಆಲೂಗಡ್ಡೆ ಬೆಳೆಯುವ ಅವರ ಕೆಮ್ಮಣ್ಣಿಗೆ 1997ರಲ್ಲಿ ಆ ಮಾನ ಸಿಕ್ಕಿತು. ಇದನ್ನು ಓದಿದಾಗ ನನಗೆ ನವಲಗುಂದ, ಅಣ್ಣಿಗೇರಿಯ ಎರೆಮಣ್ಣು ನೆನಪಾಯಿತು. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಟ್ಟು, ಮಳೆಗೆ ಉಬ್ಬಿ ಮುಚ್ಚಿಕೊಳ್ಳುವ, ಮೇಲಿನ ಮಣ್ಣನ್ನು ಬಿರುಕಿನಲ್ಲಿ ಕೆಳಗಿಳಿಸಿ ತನ್ನನ್ನು ತಾನೇ ಉಳುವ ಮಣ್ಣು ಅದು. ಕಲ್ಲಿನ ವಿಷಯಕ್ಕಾದರೆ ನಮ್ಮ ಜಿಲ್ಲೆಗೆ ಆಗಲೇ ಮಾನ ಸಿಕ್ಕಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಲ್ಲಿಯ ಪ್ರಾಚೀನ ಶಿಲೆಗಳಿಗೆ ‘ಧಾರವಾಡ’ ಎಂದು ಹೆಸರಿಟ್ಟರು. 250 ಕೋಟಿ ವರ್ಷಕ್ಕಿಂತ ಹಳೆಯ ಆ ಶಿಲೆಗಳನ್ನು ಯಾವ ದೇಶದ ವಿದ್ಯಾರ್ಥಿ ಓದಿದರೂ ನಮ್ಮ ಊರಿನ ಹೆಸರು ಹೇಳಲೇಬೇಕು.

ಆ ದ್ವೀಪದವರ ಅಳತೆಗೋಲು ಹಿಡಿದು ನೋಡಿದರೆ ನಮ್ಮ ಗುರುತುಗಳಲ್ಲಿ ಎರೆಸೀಮೆಯ ಮಕ್ಕಳಿಗೆ ಹತ್ತಿರವಾದದ್ದು ಒಂದೇ, ನೀಲಕಂಠ. ಅದಕ್ಕೆ ಅಡವಿ ಬೇಡ, ಬಯಲೇ ಬೇಕು. ಕುಂದಗೋಳದಿಂದ ಅಣ್ಣಿಗೇರಿಯವರೆಗೆ ಹೊಲದ ಬದಿಯ ಕರೆಂಟಿನ ತಂತಿಯೇ ಅದರ ಸಿಂಹಾಸನ. ಒಮ್ಮೆ ತರಗತಿಯಲ್ಲಿ ರಾಜ್ಯಪಕ್ಷಿ ಯಾವುದೆಂದು ಕೇಳಿದೆ. ನಲವತ್ತು ಕೈ ಒಟ್ಟಿಗೆ ಮೇಲೆದ್ದವು. ಮರುದಿನ ಶಾಲೆಯ ಹಿಂದಿನ ತಂತಿಯ ಮೇಲೆ ಕುಳಿತಿದ್ದ ಹಕ್ಕಿ ತೋರಿಸಿ ಇದು ಯಾವುದೆಂದೆ. ಕಾಗೆ ಜಾತಿ ಎಂದವರಿದ್ದರು, ಹೆಣ್ಣು ನವಿಲು ಎಂದವರೂ ಇದ್ದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ, ಪರೀಕ್ಷೆಯಲ್ಲಿ ಎಂದೂ ಮೂವತ್ತೈದು ದಾಟದವನು, “ಅದು ನಮ್ಮ ಹೊಲದಾಗ ಕುಂದರತೈತ್ರಿ, ಮಿಡಚಿ ಹಿಡಿತೈತ್ರಿ, ಹಾರಿದರ ನೀಲಿ ಕಾಣತೈತ್ರಿ” ಎಂದ. ಹೆಸರು ಗೊತ್ತಿರಲಿಲ್ಲ, ಹಕ್ಕಿ ಗೊತ್ತಿತ್ತು. ನಲವತ್ತು ಮಂದಿಗೆ ಹೆಸರು ಗೊತ್ತಿತ್ತು, ಹಕ್ಕಿ ಗೊತ್ತಿರಲಿಲ್ಲ. ಇಬ್ಬರಲ್ಲಿ ಯಾರಿಗೆ ಹೆಚ್ಚು ಅಂಕ ಕೊಡಬೇಕು, ಪಾಲಕರೇ ಹೇಳಿ.

ಹುಡುಗರು ಗುರುತು ಹಿಡಿಯದ್ದಕ್ಕೆ ಕಾರಣವೂ ಇದೆ. ಹೆಸರು ನೀಲಕಂಠ, ಆದರೆ ಅದರ ಕಂಠ ನೀಲಿಯಲ್ಲ! ಕುತ್ತಿಗೆ ಮತ್ತು ಎದೆ ಮಾಸಿದ ಕಂದು-ನೇರಳೆ, ಮೇಲೆ ತೆಳು ಗೆರೆಗಳು. ಕುಳಿತಾಗ ಮಂಕು. ರೆಕ್ಕೆ ಬಿಚ್ಚಿದಾಗ ತಿಳಿನೀಲಿ, ಕಡುನೀಲಿ ಪಟ್ಟಿಗಳು ಒಮ್ಮೆಗೇ ಹೊಳೆಯುತ್ತವೆ. ಶಿವನ ಹೆಸರು ಭಕ್ತಿಯಿಂದ ಬಂದದ್ದು, ಅಂಗರಚನೆಯಿಂದಲ್ಲ.

ಇನ್ನೂ ಸೋಜಿಗದ ಮಾತೆಂದರೆ ಆ ರೆಕ್ಕೆಯಲ್ಲಿ ನೀಲಿ ಬಣ್ಣವೇ ಇಲ್ಲ. ಅರಿಷಿಣದಲ್ಲಿ ಹಳದಿ ವಸ್ತುವಿದೆ, ಅದನ್ನು ಎಷ್ಟು ಕುಟ್ಟಿದರೂ ಹಳದಿಯೇ. ಈ ಗರಿಯನ್ನು ನುಣ್ಣಗೆ ಅರೆದರೆ ನೀಲಿ ಮಾಯವಾಗುತ್ತದೆ. ಗರಿಯ ಕೆರಾಟಿನ್ ಎಂಬ ವಸ್ತುವಿನಲ್ಲಿ, ನಮ್ಮ ಉಗುರಿನಲ್ಲಿರುವುದೂ ಅದೇ, ಸ್ಪಂಜಿನಂತೆ ಅತಿ ಸೂಕ್ಷ್ಮ ಗಾಳಿತೂತುಗಳಿವೆ. ಅವುಗಳ ಅಳತೆ, ಅಂತರ ಎಷ್ಟು ಕರಾರುವಾಕ್ಕಾಗಿದೆಯೆಂದರೆ ಬಿಸಿಲಿನ ನೀಲಿ ಭಾಗ ಮಾತ್ರ ಒಗ್ಗೂಡಿ ಹಿಂದಕ್ಕೆ ಬರುತ್ತದೆ. ಉದುರಿದ ಗರಿ ಕಂಡರೆ ಎತ್ತಿ ಬೆಳಕಿಗೆ ಅಡ್ಡ ಹಿಡಿದು ನೋಡಿ; ಹಿಂದಿನಿಂದ ಬೆಳಕು ಬಿದ್ದಾಗ ನೀಲಿ ಹೋಗಿ ಕಂದು ಕಾಣುತ್ತದೆ. ನೋಡಿದ ಮೇಲೆ ಅಲ್ಲಿಯೇ ಬಿಟ್ಟು ಬನ್ನಿ. ಈ ಗರಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟವರಲ್ಲಿ ನೊಬೆಲ್ ಪಡೆದ ಸಿ.ವಿ. ರಾಮನ್ ಒಬ್ಬರು. 1933ರಲ್ಲಿ ಬೆಂಗಳೂರಿಗೆ ಬಂದ ಅವರು ಮರುವರ್ಷವೇ ಅಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು. 1934ರಲ್ಲಿ ಅದರ ಪತ್ರಿಕೆಯಲ್ಲಿ ಹಕ್ಕಿಗಳ ಗರಿಬಣ್ಣದ ಮೂಲ ಕುರಿತು ಅವರು ಬರೆದ ಪ್ರಬಂಧದಲ್ಲಿ ಇದೇ ನೀಲಕಂಠದ ಗರಿಯ ಪರೀಕ್ಷೆ ಇದೆ. ಸಮುದ್ರದ ನೀಲಿಯನ್ನು ಕೆದಕಿದ ಮನುಷ್ಯನಿಗೆ ತಂತಿಯ ಮೇಲಿನ ನೀಲಿ ಕಣ್ಣು ತಪ್ಪಲಿಲ್ಲ.

ನೀಲಕಂಠ ಒಡಿಶಾದ ರಾಜ್ಯಪಕ್ಷಿಯೂ ಹೌದು. 2014ರಲ್ಲಿ ಹುಟ್ಟಿದ ತೆಲಂಗಾಣ ಪಾಲಪಿಟ್ಟ ಎಂಬ ಹೆಸರಿನಲ್ಲಿ ಇದನ್ನೇ ಇಟ್ಟುಕೊಂಡಿತು. ಆಂಧ್ರಪ್ರದೇಶ 2018ರಲ್ಲಿ ಗಿಳಿಗೆ ಬದಲಾಯಿಸಿತು. ತೆಲಂಗಾಣದಲ್ಲೂ ಉತ್ತರ ಭಾರತದಲ್ಲೂ ವಿಜಯದಶಮಿಯ ದಿನ ಇದನ್ನು ನೋಡಿದರೆ ಶುಭ ಎಂಬ ನಂಬಿಕೆ ಇದೆ. ನಂಬಿಕೆ ಒಳ್ಳೆಯದೇ, ಹೊಲಕ್ಕೆ ಹೋಗಿ ನೋಡಿದರೆ. ಆದರೆ ಹಬ್ಬ ಹತ್ತಿರ ಬಂದಂತೆ ಬಲೆಗಾರರು ಹಕ್ಕಿ ಹಿಡಿದು, ರೆಕ್ಕೆ ಕಟ್ಟಿ ಅಥವಾ ಕತ್ತರಿಸಿ, ಪಂಜರದಲ್ಲಿಟ್ಟು ಮನೆಬಾಗಿಲಿಗೆ ತಂದು ತೋರಿಸಿ ಹಣ ಕೇಳುತ್ತಾರೆ. ಹಬ್ಬ ಮುಗಿದ ಮೇಲೆ ಆ ಹಕ್ಕಿಗಳಲ್ಲಿ ಎಷ್ಟೋ ಬದುಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುವ ನಮ್ಮ ದಸರಾಕ್ಕೆ ಪಂಜರದ ಹಕ್ಕಿ ಬಂದಿಲ್ಲ, ಸದ್ಯ.

ನಮ್ಮ ಕಡೆಯ ಅಪಾಯ ಬೇರೆ ತೆರನಾದದ್ದು. ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ಎಂಬ ವರದಿ 2023ರಲ್ಲಿ ಬಂತು. ದೇಶದ 30 ಸಾವಿರಕ್ಕೂ ಹೆಚ್ಚು ಹಕ್ಕಿ ನೋಡುಗರು ಬರೆದಿಟ್ಟ ಲೆಕ್ಕದಿಂದ ತಯಾರಾದದ್ದು. ದೀರ್ಘಕಾಲದ ಏರಿಳಿತ ಹೇಳಬಹುದಾದ 338 ಜಾತಿಗಳಲ್ಲಿ ಶೇಕಡಾ 60 ಜಾತಿಗಳು ಕಡಿಮೆಯಾಗಿವೆ ಎಂದು ಅದು ತೋರಿಸಿತು. ಸುಮಾರು ಹನ್ನೆರಡು ವರ್ಷಗಳಲ್ಲಿ ನೀಲಕಂಠ ಶೇಕಡಾ 30ರಷ್ಟು ಇಳಿದಿದೆ. ಇದರ ಸ್ಥಿತಿಯನ್ನು ಜಾಗತಿಕ ಮಟ್ಟದಲ್ಲಿ ಮರುಪರಿಶೀಲಿಸಬೇಕೆಂದೂ ವರದಿ ಕೇಳಿತು. ಎಲ್ಲ ಕಡೆ ಕಾಣುವ ಹಕ್ಕಿ ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಹತ್ತು ಇದ್ದಲ್ಲಿ ಏಳು ಕಂಡರೂ ‘ಇದಾವಲ್ಲ’ ಎಂದೇ ಅನ್ನುತ್ತೇವೆ.

ಕಾರಣ ಹುಡುಕಲು ಅದರ ಊಟ ಮತ್ತು ಮನೆ ನೋಡಬೇಕು. ಊಟ ಮಿಡತೆ, ಜೀರುಂಡೆ, ದುಂಬಿ, ಹುಳ, ಒಮ್ಮೊಮ್ಮೆ ಓತಿಕ್ಯಾತ, ಸಣ್ಣ ಕಪ್ಪೆ. ತಂತಿಯ ಮೇಲೆ ಸುಮ್ಮನೆ ಕುಳಿತು ನೆಲ ನೋಡುತ್ತದೆ, ಅಲುಗಿದ್ದು ಕಂಡ ಕೂಡಲೆ ಇಳಿದು ಹಿಡಿಯುತ್ತದೆ. ಮನೆ ಹಳೆಯ ಮರದ ಪೊಟರೆ. ಗೂಡಿನ ಕಾಲ ಸುಮಾರು ಮಾರ್ಚಿನಿಂದ ಜೂನ್. ತಾನೇ ತೂತು ಕೊರೆಯಲು ಅದಕ್ಕೆ ಬರುವುದಿಲ್ಲ. ಬೇವು, ಜಾಲಿಯ ಹಳೆಯ ಬೊಡ್ಡೆಯಲ್ಲಿ ಪೊಟರೆ ಇದ್ದರೆ ಉಂಟು. ಈಗ ಹೊಲದ ಬದುವಿನ ಹಳೆಯ ಮರಗಳು ಟ್ರ್ಯಾಕ್ಟರಿಗೆ ಅಡ್ಡ ಎಂದು ಹೋಗಿವೆ. ಉಳಿದದ್ದು ಎಣ್ಣಿ ಹೊಡೆಯುವ ಮಾತು. ಕಡಲೆಗೆ ಕಾಯಿಕೊರಕ ಬಿದ್ದರೆ ರೈತ ಸುಮ್ಮನೆ ಕೂರಲಾರ, ಕೂರಬೇಕೆಂದು ಸಂಬಳ ತಿನ್ನುವ ಮಾಸ್ತರನಾದ ನಾನು ಹೇಳುವುದೂ ಅಲ್ಲ. ಆದರೆ ಹುಳ ಕಾಣುವ ಮೊದಲೇ, ಪಕ್ಕದವನು ಹೊಡೆದನೆಂದು ಹೊಡೆಯುವುದು ಎಷ್ಟೋ ಇದೆ. ಹುಳ ಸತ್ತರೆ ಹಕ್ಕಿಗೆ ಊಟ ಇಲ್ಲ. ವಿಷದ ಹುಳ ತಿಂದರೆ ಇನ್ನೂ ಕೇಡು.

ಇದಕ್ಕೆ ಉತ್ತರ ನಮ್ಮ ಹಿರಿಯರಲ್ಲೂ ಇದೆ, ಕೃಷಿ ವಿಜ್ಞಾನಿಗಳಲ್ಲೂ ಇದೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತೇವೆ. ಭೂತಾಯಿಗೆ ಎಡೆ ಎಂದು ಎರಚಿದ ಅನ್ನ, ಕಡುಬಿಗೆ ಹಕ್ಕಿಗಳು ಇಳಿಯುತ್ತವೆ, ಇಳಿದವು ಕೀಡಿಯನ್ನೂ ಆರಿಸುತ್ತವೆ. ಕಡಲೆಯ ಹೊಲದಲ್ಲಿ ಚುರುಮುರಿ ಎರಚುವವರೂ ಇದ್ದಾರೆ. ಅದಕ್ಕೆ ಬರುವುದು ಗೊರವಂಕದಂಥವು. ನೀಲಕಂಠಕ್ಕೆ ಚುರುಮುರಿ ಬೇಡ, ಕೂರಲು ಜಾಗ ಬೇಕು. ಕಾಯಿಕೊರಕದ ಹತೋಟಿಗೆ ವಿಜ್ಞಾನಿಗಳು ಶಿಫಾರಸು ಮಾಡುವ ಕ್ರಮಗಳಲ್ಲಿ ಒಂದು, ಹೊಲದಲ್ಲಿ ಅಲ್ಲಲ್ಲಿ ಹಕ್ಕಿ ಕೂರುವ ಅಡ್ಡಗೋಲು ನೆಡುವುದು. ಒಂದು ಉದ್ದ ಕೋಲು, ಅದರ ತಲೆಗೆ ಅಡ್ಡ ಒಂದು ಕೋಲು, ಬೆಳೆಗಿಂತ ತುಸು ಎತ್ತರ. ಖರ್ಚು ಹಗ್ಗದ್ದು ಮಾತ್ರ. ಕಾಳು ಬಲಿತ ಮೇಲೆ ಕಿತ್ತುಬಿಟ್ಟರೆ ಕಾಳು ತಿನ್ನುವ ಹಕ್ಕಿಗಳಿಗೆ ಅದು ಅನುಕೂಲವಾಗುವುದಿಲ್ಲ.

ಒಬ್ಬ ಪಾಲಕರು ಕೇಳಿದ್ದರು: “ಮಾಸ್ತರ, ಹಕ್ಕಿ ನೋಡಿದರ ನಮ್ಮ ಹುಡುಗಗ ಮಾರ್ಕ್ಸ್ ಬರ್ತಾವೇನ್ರಿ?” ಬರುತ್ತವೋ ಇಲ್ಲವೋ, ಹಕ್ಕಿ ನೋಡಿದ ಹುಡುಗ ಹೊಲದಲ್ಲಿ ಹುಳ ಬಿತ್ತೆಂದು ನಿಮಗಿಂತ ಮೊದಲು ಹೇಳುತ್ತಾನೆ ಎಂದೆ. ಅವರು ನಕ್ಕರು, ಆದರೆ ಮುಂದಿನ ಹಂಗಾಮಿಗೆ ಮಗನ ಕೈಯಲ್ಲೇ ನಾಲ್ಕು ಅಡ್ಡಗೋಲು ನೆಡಿಸಿದರು.

ವಿದ್ಯಾರ್ಥಿ ಮಿತ್ರರಿಗೆ ಈ ಸಲದ ಕೆಲಸ ಇದು. ನಿಮ್ಮ ಊರಿನಿಂದ ಪಕ್ಕದ ಊರಿನ ದಾರಿಯಲ್ಲಿ ಒಂದು ಕಿಲೋಮೀಟರ್ ಆರಿಸಿಕೊಳ್ಳಿ. ಎಷ್ಟು ಕರೆಂಟಿನ ಕಂಬಗಳಿವೆ ಎಂದು ಮೊದಲು ಎಣಿಸಿ. ಆಮೇಲೆ ಪ್ರತಿ ತಿಂಗಳ ಮೊದಲ ರವಿವಾರ ಬೆಳಗ್ಗೆ ಎಂಟರ ಸುಮಾರಿಗೆ ಅದೇ ದಾರಿಯಲ್ಲಿ ನಡೆದು ಎಷ್ಟು ನೀಲಕಂಠ ಕಂಡವು, ಹೊಲದಲ್ಲಿ ಏನು ಬೆಳೆ ಇದೆ, ಆ ವಾರ ಎಣ್ಣಿ ಹೊಡೆದಿದ್ದರೇ ಎಂಬುದನ್ನು ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಬರೆಯಿರಿ. ಒಂದೂ ಕಾಣದಿದ್ದರೆ ಸೊನ್ನೆ ಎಂದು ಬರೆಯಿರಿ, ಜಾಗ ಖಾಲಿ ಬಿಡಬೇಡಿ. ಮಳೆಗಾಲ ಮುಗಿದ ಮೇಲೆ ಲೆಕ್ಕ ಏರುತ್ತದೆ, ಅದು ಸಹಜ. ಪೊಟರೆಯ ಹತ್ತಿರ ಮಾತ್ರ ಹೋಗಬೇಡಿ. ತಂತಿಯ ಮೇಲೆ ಉದ್ದ ಕೆಂಪು ಕೊಕ್ಕಿನ, ಬಿಳಿ ಎದೆಯ ಹಕ್ಕಿ ಕಂಡರೆ ಅದು ಮಿಂಚುಳ್ಳಿ, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಮಂಕು ಬಣ್ಣದ, ದೊಡ್ಡ ತಲೆಯ, ಕಪ್ಪು ಕೊಕ್ಕಿನ ಹಕ್ಕಿ ಕುಳಿತಿದ್ದರೆ ನೀಲಿ ಕುತ್ತಿಗೆ ಹುಡುಕುತ್ತ ಹೋಗದೆ ಅಲ್ಲೇ ನಿಂತು, ಅದು ಹಾರುವ ತನಕ ಕಾಯಿರಿ.